ಚಡ್ಡಿ ಒದ್ದೆಯಾದರೆ ಬಾಗಿಲು ಮುಚ್ಚಬೇಕೆ?

ಹೋದ ವಾರ ಪಾವಗಡದ ಬಸ್ಸಿನಲ್ಲಿ ನನ್ನ ಮಡಿಲು ಒದ್ದೆಯಾಯಿತು. ಕೊರಟಗೆರೆಯಲ್ಲಿ ಒಬ್ಬ ಹುಡುಗಿ ಹತ್ತಿದಳು. ಒಂದು ಕೈಯಲ್ಲಿ ಚೀಲ, ಸೊಂಟದ ಮೇಲೆ ಎರಡು ವರ್ಷದ ಮಗ. ಕಾಲಿಡಲು ಜಾಗವಿರಲಿಲ್ಲ. "ಕೊಡಮ್ಮ ಇಲ್ಲಿ" ಎಂದು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಮಧುಗಿರಿ ಬೆಟ್ಟ ಕಾಣಿಸುವ ಹೊತ್ತಿಗೆ ಸೀರೆ ಬೆಚ್ಚಗಾಯಿತು.

"ಅಯ್ಯೋ, ತಪ್ಪಾಯ್ತಮ್ಮ" ಎಂದು ಅವಳು ಮಗುವಿನ ಕುಂಡಿಗೆ ಒಂದು ಏಟು ಹಾಕಲು ಹೊರಟಳು. ನಾನು ಕೈ ಹಿಡಿದೆ. "ಮಕ್ಕಳ ಉಚ್ಚೆ ನನಗೇನು ಹೊಸದಲ್ಲ ಬಿಡು" ಎಂದೆ. ಅಷ್ಟಕ್ಕೇ ಅವಳ ಕಣ್ಣಲ್ಲಿ ನೀರು ಬಂತು. ಅವಳು ಗಾರ್ಮೆಂಟ್ಸಿಗೆ ಹೋಗುತ್ತಾಳಂತೆ. ಇಷ್ಟು ದಿನ ಮಗುವನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಬಿದ್ದು ಸೊಂಟ ಪೆಟ್ಟು ಮಾಡಿಕೊಂಡಿದ್ದಾರೆ. ಮಗುವನ್ನು ಬಿಡಲು ಒಂದು ಕಡೆ ಕೇಳಿದ್ದಾಳೆ. "ಒಂದಕ್ಕೆ ಎರಡಕ್ಕೆ ಹೇಳೋದು ಕಲಿಸಿ, ಆಮೇಲೆ ಕರ್ಕೊಂಡ್ ಬನ್ನಿ ಅಂದ್ರಮ್ಮ. ಇವ್ನು ಕಲಿಯೋವರ್ಗೂ ನಾನ್ ಮನೇಲಿ ಕೂತ್ರೆ ಸಂಬಳ ಯಾರ್ ಕೊಡ್ತಾರೆ?"

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಅದೇ ಮಾತನ್ನು ಒಮ್ಮೆ ನಾನೂ ಆಡಿದ್ದೆ.

ಆಗ ನಾನು ಶಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಕಡ್ಲೇಕಾಯಿ ಕೀಳುವ ಕಾಲ, ಊರಿನ ಹೆಂಗಸರೆಲ್ಲ ಹೊಲದಲ್ಲಿ. ಎರಡನೇ ಕ್ಲಾಸಿನ ಒಬ್ಬ ಹುಡುಗಿ ತನ್ನ ತಮ್ಮನನ್ನು ಎತ್ತಿಕೊಂಡು ಬಂದು, "ಮಿಸ್, ಇವ್ನ ಇಲ್ಲಿ ಬಿಟ್ಟು ಸ್ಕೂಲಿಗೆ ಹೋಗ್ಲಾ?" ಎಂದಳು. ಹುಡುಗನಿಗೆ ಇನ್ನೂ ಎರಡೂವರೆ. ಚಡ್ಡಿಯೂ ಇಲ್ಲ, ಉಡಿದಾರ ಮಾತ್ರ. ಎರಡು ದಿನ ಇಟ್ಟುಕೊಂಡೆ. ಎರಡೂ ದಿನ ಚಾಪೆಯ ಮೇಲೆ ಮಾಡಿಕೊಂಡ. ನಮ್ಮ ಸಹಾಯಕಿ ಒಬ್ಬಳೇ. ಒಲೆಯ ಮೇಲೆ ಅನ್ನ, ಸುತ್ತ ಇಪ್ಪತ್ತು ಮಕ್ಕಳು. ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೂರನೇ ದಿನ ಆ ಹುಡುಗಿಗೆ ಹೇಳಿಬಿಟ್ಟೆ: "ಹೇಳೋದು ಕಲಿತ ಮೇಲೆ ಕರ್ಕೊಂಡ್ ಬಾ."

ನಿಯಮ ನನ್ನ ಕಡೆಗೇ ಇತ್ತು. ಅಂಗನವಾಡಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಆರು ವರ್ಷದೊಳಗಿನ ಎಲ್ಲ ಮಕ್ಕಳೂ ಅದರ ಲೆಕ್ಕಕ್ಕೆ ಸೇರುತ್ತಾರೆ. ಆದರೆ ಕೇಂದ್ರದಲ್ಲಿ ಕೂತು ಆಡಿ ಕಲಿಯುವುದು ಮೂರರಿಂದ ಆರು ವರ್ಷದವರು. ಅದಕ್ಕಿಂತ ಚಿಕ್ಕವರಿಗೆ ಆಹಾರ ಮನೆಗೆ ಹೋಗುತ್ತದೆ, ತೂಕ ನೋಡುತ್ತೇವೆ, ಚುಚ್ಚುಮದ್ದು ಹಾಕಿಸುತ್ತೇವೆ. ಹಗಲೆಲ್ಲ ಅವರನ್ನು ಎತ್ತಿ ಆಡಿಸುವ ಏರ್ಪಾಡು ಇರಲಿಲ್ಲ. ಹಾಗಾಗಿ ನನ್ನನ್ನು ಯಾರೂ ತಪ್ಪು ಎನ್ನಲಿಲ್ಲ. ಆ ಹುಡುಗಿ ಮಾತ್ರ ಸುಗ್ಗಿ ಮುಗಿಯುವವರೆಗೂ ಶಾಲೆಗೆ ಬರಲಿಲ್ಲ. ಹೊಲದ ಬದುವಿನ ಮೇಲೆ ತಮ್ಮನನ್ನು ಆಡಿಸುತ್ತ ಕೂತಳು. ತಿರುಗಿ ಬಂದಾಗ ಅವಳ ಕ್ಲಾಸಿನವರು ಮಗ್ಗಿಯಲ್ಲಿ ಬಹಳ ಮುಂದೆ ಹೋಗಿದ್ದರು. ಒದ್ದೆಯಾದದ್ದು ತಮ್ಮನ ಚಾಪೆ, ತಪ್ಪಿಹೋದದ್ದು ಅಕ್ಕನ ಪಾಠ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದು ನಮ್ಮ ಬಡ ತಾಲ್ಲೂಕುಗಳ ಕಥೆ ಮಾತ್ರ ಎಂದುಕೊಳ್ಳಬೇಡಿ. ಸಮುದ್ರದಲ್ಲಿ ವಾರಗಟ್ಟಲೆ ತೇಲುವ ದೊಡ್ಡ ಪ್ರವಾಸಿ ಹಡಗುಗಳಿವೆಯಲ್ಲ, ಅಲ್ಲಿಯೂ ಹಲವು ಕಡೆ ಇದೇ ನಿಯಮ. ಮಕ್ಕಳ ಆಟದ ಕೋಣೆಗೆ ಸೇರಬೇಕಾದರೆ ಮೂರು ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಆದರೆ ಕೆಲವು ಹಡಗುಗಳಲ್ಲಿ ಎಳೆಯ ಕೂಸುಗಳಿಗೆಂದೇ ಬೇರೆ ಕೋಣೆ ಇರುತ್ತದೆ. ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟರೆ ಡೈಪರ್ ಬದಲಿಸುವವರೂ ಇರುತ್ತಾರೆ. ಅಂದರೆ ಹೇಳಲು ಬಾರದ ಮಗುವಿಗೆ ಬೇಕಾದದ್ದು ಇನ್ನೊಂದು ಜೊತೆ ಕೈ, ಒಂದಿಷ್ಟು ನೀರು. ಹಡಗಿನಲ್ಲಿ ಅದು ಸಿಗದಿದ್ದರೆ ಅಪ್ಪ ಅಮ್ಮನಿಗೆ ಒಂದು ಸಿನಿಮಾ ತಪ್ಪೀತು. ಇಲ್ಲಿ ಕೂಲಿ ತಪ್ಪುತ್ತದೆ.

ಕಾನೂನು ಬರೆದವರಿಗೂ ಇದು ಗೊತ್ತಿತ್ತು. 1948ರ ಕಾರ್ಖಾನೆ ಕಾಯ್ದೆ, ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎಂದಿತು. ಮಕ್ಕಳ ಬಟ್ಟೆ ಒಗೆಯಲು, ಬದಲಿಸಲು ಅನುಕೂಲ ಒದಗಿಸುವಂತೆ ರಾಜ್ಯ ಸರ್ಕಾರ ನಿಯಮ ಮಾಡಬಹುದು ಎಂದೂ ಅದರಲ್ಲೇ ಬರೆದರು. ಕೂಸು ಎಂದ ಮೇಲೆ ಬಟ್ಟೆ ಒದ್ದೆಯಾಗುತ್ತದೆ ಎಂದು ಒಪ್ಪಿಕೊಂಡೇ ಬರೆದ ಮಾತು ಅದು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ, ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದರೆ ಕೂಲಿಯವರಲ್ಲೇ ಒಬ್ಬ ಹೆಂಗಸನ್ನು ಮಕ್ಕಳನ್ನು ನೋಡಿಕೊಳ್ಳಲು ನೇಮಿಸಬೇಕು ಎಂದಿತ್ತು. ನಮ್ಮ ರಾಜ್ಯದಲ್ಲಿ 2023ರಲ್ಲಿ 'ಕೂಸಿನ ಮನೆ' ಯೋಜನೆ ಬಂತು. 4,000 ಗ್ರಾಮ ಪಂಚಾಯಿತಿಗಳಲ್ಲಿ, ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಬಾಗಿಲು ತೆರೆದಿದೆಯೇ ಎಂದು ಒಮ್ಮೆ ಹೋಗಿ ಕೇಳಿ. ಗ್ರಾಮಸಭೆಯಲ್ಲಿಯೂ ಕೇಳಬಹುದು.

ಇನ್ನು ಮಗುವಿನ ವಿಷಯ. ಮೂತ್ರದ ಚೀಲ ತುಂಬಿದೆ ಎಂಬ ಸುದ್ದಿ ಮೆದುಳಿಗೆ ಮುಟ್ಟಬೇಕು, ಮೆದುಳು "ತಡಿ" ಎನ್ನಬೇಕು, ಕೆಳಗಿನ ಸ್ನಾಯು ಆ ಮಾತು ಕೇಳಬೇಕು. ಇಷ್ಟೂ ಕೂಡಿಬರುವುದು ಒಂದೊಂದು ಮಗುವಿಗೆ ಒಂದೊಂದು ಕಾಲಕ್ಕೆ. ಹೆಚ್ಚಿನ ಮಕ್ಕಳು ಹಗಲಿನಲ್ಲಿ ಹೇಳಲು ಕಲಿಯುವುದು ಎರಡರಿಂದ ನಾಲ್ಕು ವರ್ಷದೊಳಗೆ. ರಾತ್ರಿ ಹಾಸಿಗೆ ಒದ್ದೆಯಾಗುವುದು ಐದಾರು ವರ್ಷದವರೆಗೂ ಇರಬಹುದು. "ನಮ್ಮ ಕಾಲದಲ್ಲಿ ಆರು ತಿಂಗಳಿಗೇ ಕಲೀತಿದ್ರು" ಎಂದು ಅಜ್ಜಿಯರು ಹೇಳುವುದೂ ಸುಳ್ಳಲ್ಲ. ಕಾಲು ಚಾಚಿ ಕೂತು, ಪಾದಗಳ ಮೇಲೆ ಕೂಸನ್ನು ಕೂರಿಸಿ "ಸ್ಸ್" ಎನ್ನುತ್ತಿದ್ದರು. ಕೂಸು ಮಾಡುತ್ತಿತ್ತು. ಆದರೆ ಅಲ್ಲಿ ಹೊತ್ತು ಕಲಿತದ್ದು ಅಜ್ಜಿ, ಕೂಸಲ್ಲ. ಅದು ಒಳ್ಳೆಯ ಅಭ್ಯಾಸವೇ, ಆದರೆ ಹಾಗೆ ಕೂರಿಸಲು ದಿನವಿಡೀ ಒಬ್ಬರು ಮನೆಯಲ್ಲಿರಬೇಕು.

ಮಗು ಸಿದ್ಧವಾದದ್ದು ಹೇಗೆ ಗೊತ್ತಾಗುತ್ತದೆ? ಎರಡು ಗಂಟೆ ಚಡ್ಡಿ ಒಣಗಿರುತ್ತದೆ. ಮಾಡುವ ಮೊದಲು ಮೂಲೆಗೆ ಹೋಗುತ್ತದೆ, ಇಲ್ಲವೇ ಚಡ್ಡಿ ಹಿಡಿದುಕೊಳ್ಳುತ್ತದೆ. ತಾನೇ ಚಡ್ಡಿ ಕೆಳಗೆ ಎಳೆಯಲು, ಕುಕ್ಕರುಗಾಲಲ್ಲಿ ಕೂರಲು ಬರುತ್ತದೆ. ಆಗ ಎದ್ದ ಕೂಡಲೇ, ಊಟವಾದ ಮೇಲೆ, ಮಲಗುವ ಮುಂಚೆ ಐದು ನಿಮಿಷ ಕೂರಿಸಿ. ಹೊಟ್ಟೆಗೆ ಆಹಾರ ಬಿದ್ದರೆ ಕರುಳು ಕದಲುತ್ತದೆ, ಹಾಗಾಗಿ ಊಟದ ನಂತರದ ಹೊತ್ತು ಒಳ್ಳೆಯದು. ದೊಡ್ಡವರ ಕತ್ತಲೆ ಕಕ್ಕಸಿಗೆ ಮಕ್ಕಳು ಹೆದರುತ್ತವೆ. ಅಂಥ ಮಗುವಿಗೆ ಪುಟ್ಟ ಪಾಟಿ ಕೊಡಿ. ಅದಿಲ್ಲದಿದ್ದರೆ ಅಂಗಳದಲ್ಲಿ ಎರಡು ಇಟ್ಟಿಗೆ ಇಟ್ಟು, ನಡುವೆ ಹಳೆಯ ಪೇಪರ್ ಹಾಸಿ. ಮಾಡಿದ್ದನ್ನು ಕಕ್ಕಸಿಗೇ ಹಾಕಿ, ಸೋಪಿನಲ್ಲಿ ಕೈ ತೊಳೆಯಿರಿ. ಮಕ್ಕಳ ಕಕ್ಕದಿಂದ ಏನೂ ಆಗದು ಎಂಬ ನಂಬಿಕೆ ತಪ್ಪು. ಭೇದಿಯ ರೋಗಾಣು ಅದರಿಂದಲೂ ಹರಡುತ್ತದೆ.

ಹೊಡೆಯಬೇಡಿ, ನಾಲ್ಕು ಜನರ ಮುಂದೆ ನಗಬೇಡಿ. ಹೆದರಿದ ಮಗು ಕಲಿಯುವುದಿಲ್ಲ, ತಡೆದುಕೊಳ್ಳುತ್ತದೆ. ತಡೆದು ತಡೆದು ಮಲ ಗಟ್ಟಿಯಾಗಿ, ನೋವಾಗಿ, ಮತ್ತೆ ತಡೆಯುತ್ತದೆ. ತಂಗಿಯೋ ತಮ್ಮನೋ ಹುಟ್ಟಿದಾಗ, ಮನೆ ಬದಲಾದಾಗ, ಜ್ವರ ಬಂದಾಗ ಕಲಿತದ್ದೂ ಮರೆಯುವುದುಂಟು. ಆದರೆ ಬಹಳ ದಿನ ಒಣಗಿದ್ದ ಮಗು ಕಾರಣವಿಲ್ಲದೆ ಮತ್ತೆ ಒದ್ದೆ ಮಾಡಿಕೊಂಡರೆ, ಉಚ್ಚೆ ಮಾಡುವಾಗ ಉರಿ ಎಂದು ಅತ್ತರೆ, ಐದು ವರ್ಷವಾದರೂ ಹಗಲಿನಲ್ಲೇ ಒದ್ದೆಯಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಮಕ್ಕಳನ್ನು ನೋಡಿಕೊಳ್ಳುವ ಅಕ್ಕಂದಿರಿಗೂ ಒಂದು ಮಾತು. ನಿಮ್ಮ ಕಷ್ಟ ನನಗೆ ಗೊತ್ತು. ಅಡುಗೆ ಮಾಡುವ ಕೈಯಲ್ಲೇ ಕುಂಡಿ ತೊಳೆಯಬೇಕೆಂದರೆ ಅದು ಸರಿಯಲ್ಲ. ಆ ಕೆಲಸಕ್ಕೆ ಇನ್ನೊಬ್ಬರು ಬೇಕೆಂದು, ನೀರು ಬೇಕೆಂದು ಮೇಲಿನವರನ್ನು ಕೇಳಿ. ತಾಯಂದಿರೂ ನಿಮ್ಮ ಜೊತೆ ಬಂದು ಕೇಳಲಿ. ಆದರೆ ಹೇಳಲು ಬಾರದ ಮಗುವಿನ ಮುಂದೆ ಬಾಗಿಲು ಹಾಕಬೇಡಿ. ನಾನು ಹಾಕಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಬಸ್ಸು ಮಧುಗಿರಿ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಆ ಹುಡುಗಿಗೆ ಇಷ್ಟು ಹೇಳಿದೆ: "ಇನ್ನೊಂದ್ ಸಲ ಹೋಗಿ ಕೇಳಮ್ಮ. ಚೀಲದಲ್ಲಿ ನಾಲ್ಕು ಚಡ್ಡಿ, ಒರೆಸೋಕೆ ಹಳೇ ಬಟ್ಟೆ, ಒದ್ದೆ ಚಡ್ಡಿಗೊಂದು ಕವರ್ ಇಟ್ಕೊಂಡು ಹೋಗು. ಒದ್ದೆ ಚಡ್ಡಿ ನಾನೇ ಸಂಜೆ ಮನೆಗೆ ತಗೊಂಡೋಗಿ ಒಗೀತೀನಿ ಅನ್ನು. ಮನೇಲಿ ನೀನು ಯಾವ ಮಾತು ಹೇಳ್ತೀಯೋ, ಸುಸ್ಸು ಅಂತಲೋ ಒಂದಾ ಅಂತಲೋ, ಅದನ್ನೇ ಅವರಿಗೂ ಹೇಳ್ಕೊಡು."

"ಅದಕ್ಕೂ ಆಗಲ್ಲ ಅಂದ್ರೆ?" ಎಂದಳು.

"ಗಾರ್ಮೆಂಟ್ಸಲ್ಲಿ ನಿನ್ನ ಹಂಗೇ ಇನ್ನೆಷ್ಟು ಜನ ಇದ್ದಾರೆ, ಲೆಕ್ಕ ಹಾಕಿ ಒಟ್ಟಿಗೆ ಹೋಗಿ ಕೇಳಿ. ಮಕ್ಕಳ ಕೋಣೆ ಕೇಳೋದು ಭಿಕ್ಷೆ ಅಲ್ಲ" ಎಂದೆ.

ತಲೆಯಾಡಿಸಿ ಮಗುವನ್ನು ಎತ್ತಿಕೊಂಡು ಇಳಿದಳು. ಕಿಟಕಿಯಿಂದ ನೋಡಿದೆ. ಪುಟ್ಟ ನನ್ನ ಕಡೆಗೆ ಕೈ ಬೀಸುತ್ತಿದ್ದ. ಪಾವಗಡ ಮುಟ್ಟುವಷ್ಟರಲ್ಲಿ ನನ್ನ ಸೀರೆಯೂ ಒಣಗಿತ್ತು.