ಹೇಳೋದು ಯಾವಾಗ, ಯಾರಿಗೆ?

ನಮ್ಮ ಕಡೆ ಬಸುರಿ ಸುದ್ದಿಯನ್ನು ಮೂರು ತಿಂಗಳು ತುಂಬೋತನಕ ಹೊರಗೆ ಹೇಳಂಗಿಲ್ಲ. ದೃಷ್ಟಿ ಆಗ್ತದ ಅಂತಾರ ಹಿರಿಯರು. ಆದರೆ ಕೂಸಿನ ಹೃದಯ, ಮಿದುಳು, ಕೈಕಾಲು ರೂಪ ತಳೆಯೋದು ಬಹುತೇಕ ಮೊದಲ ಎರಡು ತಿಂಗಳಲ್ಲಿ. ಕೆಲವು ರಾಸಾಯನಿಕಗಳ, ವಿಕಿರಣದ ಪೆಟ್ಟು ಜೋರಾಗಿ ಬೀಳೋದೂ ಆಗಲೇ. ಸುಮ್ಮನಿರಬೇಕು ಅಂತ ಮನೆ ಹೇಳುವ ದಿನಗಳಲ್ಲೇ ಕೆಲಸದ ಜಾಗದಲ್ಲಿ ಬಾಯಿ ಬಿಡಬೇಕಾಗುತ್ತದೆ.

ನರಗುಂದದ ಸುತ್ತಲಿನ ಎರೆಹೊಲ ನೋಡಿದವರಿಗೆ ಇದು ಗೊತ್ತು. ಎಣ್ಣಿ ಹೊಡೆದ ಹೊಲಕ್ಕೆ ಕಳೆ ತೆಗೆಯಲು, ಹತ್ತಿ ಬಿಡಿಸಲು ಇಳಿಯೋರು ಹೆಣ್ಣುಮಕ್ಕಳೇ. ಅವರ ಮಾಲಕ ಯಾರು? ಹೊಲದವನೋ, ಗಾಡಿಯಲ್ಲಿ ಕರೆದುಕೊಂಡು ಹೋದವನೋ? ಯಾರಿಗೇ ಹೇಳಿದರೂ 'ನಾಳೆಯಿಂದ ಬರಬ್ಯಾಡವ್ವ' ಅನ್ನೋದು ಒಂದೇ ಮಾತು. ಅದರಲ್ಲಿ ಕರುಣೆ ಇದ್ದೀತು, ಪಗಾರ ಇರೋದಿಲ್ಲ.

ಕಾನೂನು? 1961ರ ಹೆರಿಗೆ ಸೌಲಭ್ಯ ಕಾಯ್ದೆ ದಿನಗೂಲಿ ಮಹಿಳೆಯರಿಗೂ ಸಲ್ಲುತ್ತದೆ ಅಂತ ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿತು. ಆದರೆ ಕಾರ್ಖಾನೆ, ಗಣಿ, ಪ್ಲಾಂಟೇಶನ್, ಹತ್ತು ಜನರಿರುವ ಅಂಗಡಿ ಅಂತ ಹೊರಟ ಆ ಕಾಯ್ದೆ ನಮ್ಮ ಹೊಲದ ಬದುವಿನತನಕ ಬರಲೇ ಇಲ್ಲ. ಬಂದ ಕಡೆಯಾದರೂ, ಬಸುರಿ ಕೇಳಿಕೊಂಡರೆ ಭಾರದ ಕೆಲಸ, ತಾಸುಗಟ್ಟಲೆ ನಿಲ್ಲುವ ಕೆಲಸ ಕೊಡಬಾರದು ಅನ್ನೋದು ಹೆರಿಗೆಗೆ ಸುಮಾರು ಹತ್ತು ವಾರ ಉಳಿದಾಗಿನಿಂದ. ಮೊದಲ ಹತ್ತು ವಾರದ ಮಾತೇ ಇಲ್ಲ! ಹೊಟ್ಟೆ ಕಂಡ ಮೇಲೆ ಕಾನೂನಿಗೂ ಕಣ್ಣು ಬಂತು ಅನ್ನಬೇಕು.

1948ರ ಕಾರ್ಖಾನೆ ಕಾಯ್ದೆಯದು ಇನ್ನೊಂದು ದಾರಿ. ಹತ್ತಿ ಪ್ರೆಸ್ಸಿನಲ್ಲಿ ಕಾಟನ್ ಓಪನರ್ ನಡೆಯುವ ಭಾಗದಲ್ಲಿ ಹೆಣ್ಣುಮಕ್ಕಳನ್ನು ಇಡಲೇಬಾರದು ಅಂದಿತ್ತು. ರಕ್ಷಣೆ ಅಂದರೆ ಹೊರಗೆ ಹಾಕೋದು ಅನ್ನೋ ಲೆಕ್ಕ. 2020ರ ಸುರಕ್ಷತಾ ಸಂಹಿತೆ ಎಲ್ಲ ಬಗೆಯ ಕೆಲಸಕ್ಕೂ ಹೆಣ್ಣುಮಕ್ಕಳು ಅರ್ಹರು ಅಂತು. ಒಳ್ಳೇದೇ. ಬಾಗಿಲು ತೆರೀತು, ಒಳಗಿನ ಗಾಳಿ ಬದಲಾಗಬೇಕಲ್ಲ?

ವಿಕಿರಣದ ಕೆಲಸದಲ್ಲಿ ಮಾತ್ರ ಒಂದು ಸ್ಪಷ್ಟ ಅಂಕಿ ಇದೆ. ಸಿಬ್ಬಂದಿಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ಮಿತಿ. ಬಸುರಿ ಅಂತ ತಿಳಿಸಿದ ಮೇಲೆ, ಉಳಿದ ತಿಂಗಳುಗಳಲ್ಲಿ ಗರ್ಭದ ಕೂಸಿಗೆ 1 ಮಿಲಿಸೀವರ್ಟ್ ಮೀರಬಾರದು. ಹೇಳಿದ್ದಕ್ಕೆ ಫಲ ಏನು ಅಂತ ಆಕೆಗೆ ಮೊದಲೇ ಗೊತ್ತಿರುತ್ತದೆ. ಸೀಸ ಮುಟ್ಟುವ ಬ್ಯಾಟರಿ ಘಟಕದಲ್ಲಿ, ದ್ರಾವಕದ ವಾಸನೆ ತುಂಬಿದ ಔಷಧ ಕಾರ್ಖಾನೆಯಲ್ಲಿ ಹೇಳಿದರೆ ಏನಾಗುತ್ತೆ? ಅದೇ ಪಗಾರದಲ್ಲಿ ಬೇರೆ ಟೇಬಲ್ಲೋ, ಮನೆ ದಾರಿಯೋ? ಇದು ಮೊದಲೇ ಗೊತ್ತಿಲ್ಲದಿದ್ದರೆ ಯಾರೂ ಬೇಗ ಬಾಯಿ ಬಿಡೋದಿಲ್ಲ. ಅವರನ್ನು ದೂರೋದೂ ತಪ್ಪು.

ನಾಳೆ ಶಿಫ್ಟಿನ ರೋಸ್ಟರ್ ಬರೆಯೋರು ನಾವೇ. ಕಾರಣ ಕೇಳದೆ, ಕಂಪನಿ ಡಾಕ್ಟರ್ ಚೀಟಿ ಒಂದರ ಮೇಲೆ, ಪಗಾರ ಕಡಿಯದೆ ಜಾಗ ಬದಲಿಸೋ ನಿಯಮ ಇರಬೇಕು ಅನ್ನೋದು ನಮ್ಮ ವಾದ. ಕ್ಯಾಂಪಸ್ ಸಂದರ್ಶನದ ಕೊನೆಗೆ 'ಏನಾದ್ರೂ ಕೇಳೋದಿದೆಯಾ?' ಅಂತಾರಲ್ಲ, ಪ್ಯಾಕೇಜಿನ ಜೊತೆ ಇದನ್ನೂ ಕೇಳೋಣ. ಹುಡುಗರು ಮೊದಲು ಕೇಳಲಿ. ಹುಡುಗಿ ಕೇಳಿದರೆ 'ಮದುವೆ ಯಾವಾಗಮ್ಮ?' ಅನ್ನೋ ಮರುಪ್ರಶ್ನೆ ಬರೋ ಸಂಭವ ಇನ್ನೂ ಇದೆ.