ಹೊರಕವಚವೂ ಯಂತ್ರವೇ

ಎಂ.ಆರ್.ಐ. ಯಂತ್ರವನ್ನು ಕಂಡವರಲ್ಲಿ ಹೆಚ್ಚಿನವರು ಕಂಡದ್ದು ಅದರ ಹೊರಕವಚವನ್ನು ಮಾತ್ರ. ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿನ ದ್ರವ ಹೀಲಿಯಂ, ಅದು ತಂಪಾಗಿರಿಸುವ ಅತಿವಾಹಕ ತಂತಿಯ ಸುರುಳಿ, ಕಾಂತಕ್ಷೇತ್ರವನ್ನು ಕ್ಷಣಕ್ಷಣಕ್ಕೂ ಏರಿಳಿಸುವ ಮತ್ತೊಂದು ಸುರುಳಿ, ಇವಾವುವೂ ರೋಗಿಯ ಕಣ್ಣಿಗೆ ಬೀಳುವುದಿಲ್ಲ. ಆತನ ಪಾಲಿಗೆ ಯಂತ್ರವೆಂದರೆ ಒಂದು ಬಿಳಿಯ ಗೋಡೆ, ಅದರ ನಡುವೆ 60 ಅಥವಾ 70 ಸೆಂಟಿಮೀಟರ್ ವ್ಯಾಸದ ಒಂದು ಬಿಲ. ಆದರೂ ಈ ಕವಚದ ವಿನ್ಯಾಸವನ್ನು ‘ಅಲಂಕಾರ’ವೆಂದು ಬದಿಗೆ ಸರಿಸುವ ರೂಢಿ ಇದೆ. ಅಲಂಕಾರವು ಕಟಕಕುಂಡಲಗಳಂತೆ ತೊಟ್ಟು ತೆಗೆಯಬಹುದಾದದ್ದೋ ಅಲ್ಲವೋ ಎಂಬ ಚರ್ಚೆ ಕಾವ್ಯಮೀಮಾಂಸೆಯನ್ನು ಓದುವವರಿಗೆ ಹೊಸದಲ್ಲ. ಆ ಚರ್ಚೆಗೆ ಆಸ್ಪತ್ರೆಯ ನೆಲಮಹಡಿಯಲ್ಲಿಯೂ ಕೆಲಸವಿದೆ.

1977ರ ಜುಲೈ 3ರಂದು ರೇಮಂಡ್ ಡಮಾಡಿಯನ್ ಮತ್ತು ಸಂಗಡಿಗರು ಮನುಷ್ಯದೇಹದ ಮೊದಲ ಎಂ.ಆರ್. ಚಿತ್ರವನ್ನು ತೆಗೆದಾಗ, ಅವರ ಯಂತ್ರಕ್ಕೆ ಇಂದಿನಂಥ ನುಣುಪಾದ ಹೊದಿಕೆ ಇರಲಿಲ್ಲ. ಒಂದೇ ಒಂದು ಚಿತ್ರಕ್ಕೆ ಸುಮಾರು ಐದು ಗಂಟೆ ಹಿಡಿಯಿತು. ಯಂತ್ರ ಕೆಲಸ ಮಾಡುವುದೇ ಎಂಬುದಷ್ಟೇ ಅಂದಿನ ಪ್ರಶ್ನೆ. ಅದು ಆಸ್ಪತ್ರೆಗೆ ಬಂದ ಮೇಲೆ ಪ್ರಶ್ನೆ ಬದಲಾಯಿತು. ಕವಚದಲ್ಲಿ ಕಬ್ಬಿಣ ಇರಕೂಡದು. ರೇಡಿಯೊ ತರಂಗಗಳನ್ನು ಅದು ತಡೆಯಕೂಡದು. ಔಷಧಿಯ ಹನಿ ಇಳಿದು ನಿಲ್ಲುವ ಸಂದುಗಳಿರಕೂಡದು. ದುರಸ್ತಿಗೆ ಬಂದವರು ಬಿಚ್ಚುವಂತಿರಬೇಕು. ಇವೆಲ್ಲ ಎಂಜಿನಿಯರರು ಒಪ್ಪಿಕೊಂಡ ಕರ್ತವ್ಯಗಳು. ಒಪ್ಪಿಕೊಳ್ಳಲು ತಡವಾದದ್ದು ಇನ್ನೊಂದು. ಚಿತ್ರ ಸ್ಪಷ್ಟವಾಗಿ ಮೂಡಬೇಕಾದರೆ ರೋಗಿ ಅಲುಗಾಡದೆ ಮಲಗಿರಬೇಕು. ಎಂದರೆ ಆತನ ನಿಶ್ಚಲತೆಯೂ ಯಂತ್ರದ ಒಂದು ಬಿಡಿಭಾಗವೇ. ನೂರು ಡೆಸಿಬೆಲ್ ಮೀರಿ ಬಡಿಯುವ ಸದ್ದಿನ ನಡುವೆ, ಇಕ್ಕಟ್ಟಿನ ಕೊಳವೆಯಲ್ಲಿ, ಹೆದರಿದವನು ಅಲುಗಾಡದಿರುವುದು ಕಷ್ಟ. ಹೆದರಿಸುವ ಕವಚ ಚಿತ್ರವನ್ನು ಕೆಡಿಸುತ್ತದೆ.

ಈ ಮಾತನ್ನು ಚೆನ್ನಾಗಿ ಅರಿತವರು ಅಮೆರಿಕದ ಜಿ.ಇ. ಸಂಸ್ಥೆಯ ವಿನ್ಯಾಸಕಾರ ಡಗ್ ಡಯಟ್ಜ್. ತಾವೇ ರೂಪಿಸಿದ ಯಂತ್ರದ ಮುಂದೆ ಪುಟ್ಟ ಹುಡುಗಿಯೊಬ್ಬಳು ಅಳುತ್ತ ನಿಂತದ್ದನ್ನು ಅವರು ಕಂಡರು. ಬಹುಪಾಲು ಮಕ್ಕಳಿಗೆ ಅರಿವಳಿಕೆ ಕೊಟ್ಟೇ ಸ್ಕ್ಯಾನ್ ಮಾಡಬೇಕಾಗುತ್ತಿತ್ತೆಂಬುದೂ ತಿಳಿಯಿತು. ಆಮೇಲೆ ಒಂದು ವಿನ್ಯಾಸದಲ್ಲಿ ಯಂತ್ರವು ಕಡಲ್ಗಳ್ಳರ ಹಡಗಾಯಿತು. ಬೇರೊಂದು ವಿನ್ಯಾಸದಲ್ಲಿ ಅದೇ ಯಂತ್ರ ಅಂತರಿಕ್ಷನೌಕೆ. ಅಲ್ಲಿ ಸದ್ದು ಜೋರಾಗುವುದೆಂದರೆ ನೌಕೆ ವೇಗ ಹೆಚ್ಚಿಸಿಕೊಂಡಿತೆಂದು ಅರ್ಥ. ಒಳಗಿನ ಅಯಸ್ಕಾಂತ ಬದಲಾಗಲಿಲ್ಲ. ಗೋಡೆ, ನೆಲ, ಹೊದಿಕೆಗಳ ಬಣ್ಣ ಮತ್ತು ಸಿಬ್ಬಂದಿ ಹೇಳುವ ಕಥೆ ಬದಲಾದವು. ಅರಿವಳಿಕೆ ಬೇಕಾಗುವ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಕಥನವು ಔಷಧಿಯ ಪ್ರಮಾಣವನ್ನು ತಗ್ಗಿಸಬಲ್ಲದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಾಹಿತ್ಯದ ತರಗತಿಗಳಲ್ಲಿ ಸಿಗಲಾರದು.

ಹಾಗೆಂದು ಕವಚದ ಕೆಲಸ ಸಂತೈಸುವುದಷ್ಟೇ ಎನ್ನುವಂತಿಲ್ಲ. ಎಂ.ಆರ್.ಐ.ಯ ಅಯಸ್ಕಾಂತ ರಾತ್ರಿಯೂ ಆರುವುದಿಲ್ಲ. ಯಾರೂ ಮಲಗಿಲ್ಲದಾಗಲೂ ಕಬ್ಬಿಣವನ್ನು ಸೆಳೆಯುತ್ತದೆ. ದಂತವರ್ಣದ ಆ ಸೌಮ್ಯ ಮುಖ ಈ ಸತ್ಯವನ್ನು ಮರೆಮಾಡುತ್ತದೆ. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ, ರೋಗಿಯ ಬಂಧುವೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಕೋಣೆಯನ್ನು ಹೊಕ್ಕು, ಯಂತ್ರದೆಡೆಗೆ ಸೆಳೆಯಲ್ಪಟ್ಟು ಮೃತರಾದರು. ಉರಿಯುವ ಒಲೆ ಕಣ್ಣಿಗೆ ಕಾಣುತ್ತದೆ, ಕೈ ತಾನಾಗಿ ಹಿಂದೆ ಸರಿಯುತ್ತದೆ. ಕಾಂತಶಕ್ತಿಗೆ ಹೊಗೆಯಿಲ್ಲ, ಬೆಳಕಿಲ್ಲ. ಮಗುವಿಗೆ ಹಡಗಾಗಿ ಕಾಣುವ ಯಂತ್ರ, ಜೊತೆಗೆ ಬಂದ ತಂದೆಗೆ ಎಚ್ಚರಿಕೆಯಾಗಿಯೂ ಕಾಣಬೇಕು. ಇವೆರಡನ್ನೂ ಒಂದೇ ಮೈಯಲ್ಲಿ ಹೇಳುವುದೇ ವಿನ್ಯಾಸದ ನಿಜವಾದ ಕಷ್ಟ. ಬಣ್ಣ ಬಳಿಯುವುದು ಅದರ ಮುಂದೆ ಸುಲಭದ ಕೆಲಸ.

ಕವಚ ಫೈಬರ್‌ಗ್ಲಾಸಿನದ್ದೇ ಆಗಿರಬೇಕೆಂದಿಲ್ಲ. ಈ ತಂತ್ರಕ್ಕೆ ಮೊದಲಿದ್ದ ಹೆಸರಿನಲ್ಲಿ ‘ನ್ಯೂಕ್ಲಿಯರ್’ ಎಂಬ ಪದವಿತ್ತು. ಪರಮಾಣುವಿನ ಬೀಜಕೇಂದ್ರವನ್ನಷ್ಟೇ ಸೂಚಿಸುತ್ತಿದ್ದ ಆ ಪದ ಬಾಂಬನ್ನೂ ವಿಕಿರಣವನ್ನೂ ನೆನಪಿಸುತ್ತಿತ್ತೆಂದು, 1980ರ ದಶಕದಲ್ಲಿ ಅದನ್ನು ಕಳಚಿದರು. ಪದವೂ ಒಂದು ಹೊದಿಕೆ.

ಕಾಸರಗೋಡಿನ ಕನ್ನಡಿಗರಿಗೆ ಈ ಹೊದಿಕೆಯ ಪ್ರಶ್ನೆ ಹತ್ತಿರದ್ದು. ದೊಡ್ಡ ಕಾಯಿಲೆ ಬಂದರೆ ಇಲ್ಲಿನ ಜನ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು; 2020ರಲ್ಲಿ ಆ ಗಡಿ ಮುಚ್ಚಿದಾಗ ಏನಾಯಿತೆಂಬುದನ್ನು ಜಿಲ್ಲೆ ಮರೆತಿಲ್ಲ. ಗಡಿಯ ಈಚೆಗಾಗಲಿ ಆಚೆಗಾಗಲಿ, ಯಂತ್ರದ ಮುಖದ ಮೇಲಿನ ಬರಹ ಬಹುಮಟ್ಟಿಗೆ ಇಂಗ್ಲಿಷಿನದು. ಎದೆ ಅಥವಾ ಹೊಟ್ಟೆಯ ಸಿ.ಟಿ. ತೆಗೆಯುವಾಗ ಉಸಿರು ಹಿಡಿಯಲು ಹೇಳುವ ಧ್ವನಿಯನ್ನು ಅನೇಕ ಯಂತ್ರಗಳಲ್ಲಿ ಸ್ಥಳೀಯವಾಗಿ ಮುದ್ರಿಸಿಕೊಳ್ಳುವ ಅವಕಾಶವಿದೆ. ಹಾಗೆ ಮುದ್ರಿಸುವ ಕನ್ನಡ ಯಾವುದು? ‘ಉಚ್ಛ್ವಾಸ’, ‘ನಿಶ್ವಾಸ’ಗಳಲ್ಲಿ ಯಾವುದು ಒಳಗೆಳೆಯುವುದು, ಯಾವುದು ಹೊರಬಿಡುವುದು ಎಂದು ಓದಿದವರೂ ಒಮ್ಮೆ ತಡವರಿಸುತ್ತಾರೆ. ‘ಉಸಿರು ನಿಲ್ಲಿಸಿ’ ಎಂಬುದು ವ್ಯಾಕರಣಕ್ಕೆ ಸರಿ. ಆದರೆ ಕನ್ನಡದಲ್ಲಿ ಉಸಿರು ನಿಂತಿತು ಎಂದರೆ ಜೀವ ಹೋಯಿತೆಂದೇ ಅರ್ಥ. ಆ ಕೊಳವೆಯೊಳಗೆ ಮಲಗಿದ ಎಪ್ಪತ್ತರ ಅಜ್ಜಿಗೆ ಹೇಳಬೇಕಾದ ಮಾತು ಅದಲ್ಲ. ‘ಉಸಿರು ಎಳೆದುಕೊಳ್ಳಿ, ಹಾಗೆಯೇ ಹಿಡಿದುಕೊಳ್ಳಿ, ಇನ್ನು ಬಿಡಿ’ ಎಂಬುದು ವಾಸಿ. ಇದೂ ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಹವಿಗನ್ನಡವನ್ನೋ ಆಡುವವರ ಕಿವಿಗೆ ಹೇಗೆ ಕೇಳುತ್ತದೆಂಬುದು ಪರೀಕ್ಷಿಸದೆ ತಿಳಿಯದು. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಲ್ಲಿ ಹತ್ತು ಮಂದಿ ಹಿರಿಯರಿಗೆ ಈ ಮೂರು ಮಾತುಗಳನ್ನು ಕೇಳಿಸಿ, ಅವರು ಏನು ಮಾಡುತ್ತಾರೆಂದು ನೋಡಿ ಬರೆದಿಡುವುದು, ಕನ್ನಡ ಐಚ್ಛಿಕ ತರಗತಿಯೊಂದು ಒಂದೇ ವಾರಾಂತ್ಯದಲ್ಲಿ ಮುಗಿಸಬಹುದಾದ ಕೆಲಸ.