ಮದ್ದು ಬಂತು, ಪೋಡಿಗೆ ಬರುವುದೆಂದು?

ರೋಗಕ್ಕೆ ಮದ್ದು ಸಿಕ್ಕಿದೆ. ಬೆಲೆ ಮಾತ್ರ ಕೇಳಬೇಡಿ! ಸಿಕಲ್ ಸೆಲ್ ರೋಗಿಗಳ ಪಾಡು ಇದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಈ ಪೀಡೆ ಹೊಸದೇನಲ್ಲ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಎದೆ, ಬೆನ್ನಲ್ಲಿ ತಡೆಯಲಾಗದ ನೋವು. ದೊಡ್ಡವರಿಗೆ ಕೂಲಿ ತಪ್ಪುತ್ತದೆ, ಮಕ್ಕಳಿಗೆ ಸ್ಕೂಲು ತಪ್ಪುತ್ತದೆ. ತಂದೆ ತಾಯಿ ಇಬ್ಬರೂ ಈ ದೋಷ ಹೊತ್ತವರಾದರೆ, ಹುಟ್ಟುವ ಪ್ರತಿ ಮಗುವಿಗೂ ರೋಗ ತಗಲುವ ಸಂಭವ ನಾಲ್ಕರಲ್ಲೊಂದು.

2023ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಎರಡು ಜೀನ್ ಚಿಕಿತ್ಸೆಗಳಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 'ಕ್ಯಾಸ್ಜೆವಿ' ಎಂಬುದು ವರ್ಟೆಕ್ಸ್, ಕ್ರಿಸ್ಪರ್ ಥೆರಪ್ಯೂಟಿಕ್ಸ್ ಎಂಬ ಎರಡು ಕಂಪನಿಗಳು ಕೂಡಿ ಮಾಡಿದ್ದು. ರೋಗಿಯ ಮೈಯಿಂದ ರಕ್ತದ ಮೂಲಕೋಶಗಳನ್ನು ತೆಗೆದು, ಜೀನ್ ತಿದ್ದಿ, ಮತ್ತೆ ಅದೇ ಮೈಗೆ ಸೇರಿಸುತ್ತಾರೆ. ತಾಯ ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಪುನಃ ಹುಟ್ಟುತ್ತದೆ, ಕಣ ಬಾಗುವುದು ತಗ್ಗುತ್ತದೆ. ಅಲ್ಲಿ ಬೆಲೆ 22 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಹದಿನೆಂಟು ಕೋಟಿ ರೂಪಾಯಿಗೂ ಮೇಲೆ. ಬಡವನ ಪಾಲಿಗೆ ಕನ್ನಡಿಯೊಳಗಿನ ಗಂಟು!

ಈ ಗಂಟು ಕೈಗೆಟುಕಬೇಕೆಂದೇ 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮತ್ತು ಗೇಟ್ಸ್ ಫೌಂಡೇಶನ್ ಕೈ ಜೋಡಿಸಿದವು. ಈ ರೋಗ ಮತ್ತು ಎಚ್.ಐ.ವಿ.ಗೆ ಬಡ ದೇಶಗಳಿಗೂ ಒಗ್ಗುವ ಜೀನ್ ಚಿಕಿತ್ಸೆ ಹುಡುಕಲು ತಲಾ ಹತ್ತು ಕೋಟಿ ಡಾಲರ್ ಕೊಡುವುದಾಗಿ ಹೇಳಿದವು. ನಮ್ಮವರೂ ಸುಮ್ಮನೆ ಕೂತಿಲ್ಲ. ದೆಹಲಿಯ ಐ.ಜಿ.ಐ.ಬಿ. ವಿಜ್ಞಾನಿಗಳು ತಯಾರಿಸಿದ 'ಬಿರ್ಸಾ 101' ಚಿಕಿತ್ಸೆಯನ್ನು 2025ರ ನವೆಂಬರಿನಲ್ಲಿ ಪ್ರಕಟಿಸಲಾಯಿತು. ತಂತ್ರಜ್ಞಾನ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಕೈಗೆ ಹೋಗಿದೆ. ಹೆಸರು ಆದಿವಾಸಿ ವೀರ ಬಿರ್ಸಾ ಮುಂಡಾನದು. ಸಂತೋಷ. ಆದರೆ ಹೆಸರಿಟ್ಟ ಮಾತ್ರಕ್ಕೆ ಮದ್ದು ಕಾಡು ಹತ್ತುವುದಿಲ್ಲ.

ಏಕೆಂದರೆ ಈ ಮಾದರಿ ಚಿಕಿತ್ಸೆಗೆ ಮುಂಚೆ ಕಟುವಾದ ಕೀಮೋ ಔಷಧಿ ಬೇಕು, ವಾರಗಟ್ಟಲೆ ಆಸ್ಪತ್ರೆ ವಾಸ ಬೇಕು. ಮದ್ದನ್ನು ಪುಕ್ಕಟೆ ಕೊಟ್ಟರೂ ಅಷ್ಟು ದಿನ ಕೂಲಿಯವನ ಮನೆ ಒಲೆ ಉರಿಸುವವರು ಯಾರು?

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನ ಯೋಜನೆ ಆರಂಭಿಸಿತು. ಕರ್ನಾಟಕವೂ ಸೇರಿ 17 ರಾಜ್ಯಗಳ ಏಳು ಕೋಟಿ ಜನರ ರಕ್ತಪರೀಕ್ಷೆ, 2047ಕ್ಕೆ ರೋಗ ನಿರ್ಮೂಲ ಎಂಬ ಗುರಿ. ನೋವಿನ ಹೊಡೆತ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಔಷಧಿಯೂ ಇದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಬಾರದು. ವಿಜ್ಞಾನಿಗಳು ಕೋಟಿಯ ಮದ್ದನ್ನು ಅಗ್ಗ ಮಾಡಲಿ. ಅಲ್ಲಿಯತನಕ ಅಗ್ಗದ ಔಷಧಿಯಾದರೂ ಬೆಟ್ಟದ ಆಸ್ಪತ್ರೆಯಲ್ಲಿ 'ಸ್ಟಾಕಿಲ್ಲ' ಅನ್ನಿಸಿಕೊಳ್ಳದಿರಲಿ.